ಅವರನ್ನೇ ಕೇಳಿ, ಉತ್ತರಕ್ಕೆ ಕಾಯಿರಿ

ಸ್ವಾಮಿಯೇ ಶರಣಮಯ್ಯಪ್ಪ!



ನಮ್ಮ ಮಂಡಲ ಕಾಲದ ಪಾಠಗಳಲ್ಲಿ ಈ ವಾರದ ಸರದಿ ನನ್ನದು. ಹಿಂದಿನ ಪಾಠಗಳಲ್ಲಿ ಹಿರಿಯ ಸ್ವಾಮಿಗಳು ಇರುಮುಡಿ ಕಟ್ಟುವ ಕ್ರಮ, ವ್ರತದ ಊಟ, ಶರಣು ಘೋಷದ ಅರ್ಥ ಎಲ್ಲ ಚೆನ್ನಾಗಿ ತಿಳಿಸಿದ್ದಾರೆ. ನಾನು ಅಷ್ಟು ಓದಿಕೊಂಡವನಲ್ಲ. ತುಮಕೂರು ಜಿಲ್ಲೆಯ ಹಳ್ಳಿಯವನು. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕಿಕೊಂಡು ಕೋಲ್ಕತ್ತಕ್ಕೆ ಬಂದು ಮೂರು ವರ್ಷ ಆಯಿತು. ಸಾಲ್ಟ್ ಲೇಕ್‌ನ ಸೆಕ್ಟರ್ ಐದರಲ್ಲಿ ಐಟಿ ಸಪೋರ್ಟ್ ಕೆಲಸ. ಪಾಸ್‌ವರ್ಡ್ ಮರೆತವರು, ವಿಪಿಎನ್ ಸಿಗದವರು, ಪ್ರಿಂಟರ್ ಓಡದವರು ಫೋನ್ ಮಾಡಿದರೆ ಎತ್ತುವವರಲ್ಲಿ ನಾನೂ ಒಬ್ಬ. ಆದ್ದರಿಂದ ಶಾಸ್ತ್ರದ ವಿಷಯ ಬಿಟ್ಟು, ನಾನೇ ಎಡವಿ ಕಲಿತ ಒಂದು ವಿಷಯ ಬರೆಯುತ್ತೇನೆ. ಅಂಗವೈಕಲ್ಯ ಇರುವವರ ಜೊತೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಇಂದಿನ ಪಾಠ.

ಮಾಲೆ ಹಾಕಿಕೊಂಡೇ ಮಾಡಿದ ತಪ್ಪು

ಹೋದ ವರ್ಷ ನವೆಂಬರ್ ಕೊನೆ. ಮಾಲೆ ಹಾಕಿ ಹತ್ತು ದಿನ ಆಗಿತ್ತು. ಬೆಳಗಿನ ಜಾವ ತಣ್ಣೀರು ಸ್ನಾನ, ಪೂಜೆ, ಆಮೇಲೆ ಆರು ಗಂಟೆಯ ಶಿಫ್ಟ್. ಮೊದಲ ಅರ್ಧ ಗಂಟೆಯಲ್ಲೇ ಒಂದು ಕರೆ ಬಂತು. ಆ ಕಡೆಯವರ ಮಾತು ಎಳೆದೆಳೆದು ಬರುತ್ತಿತ್ತು. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಉಸಿರು ಹಿಡಿದ ಹಾಗೆ. ನಾನು "ಸರ್, ಲೈನ್ ಸರಿ ಇಲ್ಲ, ಮತ್ತೆ ಮಾಡಿ" ಎಂದು ಇಟ್ಟುಬಿಟ್ಟೆ. ಅವರು ಮತ್ತೆ ಮಾಡಿದರು. ಮತ್ತೆ ಅದೇ. ಈ ಸಲ ನಾನು ಮಾತಿನ ಮಧ್ಯದಲ್ಲೇ ಕತ್ತರಿಸಿದೆ. ಟಿಕೆಟ್‌ನಲ್ಲಿ "ಬಳಕೆದಾರರಿಂದ ಸ್ಪಷ್ಟ ಮಾಹಿತಿ ಇಲ್ಲ" ಎಂದು ಬರೆದು ಮುಚ್ಚಿದೆ. ಅಷ್ಟಕ್ಕೇ ಸುಮ್ಮನಿರಲಿಲ್ಲ. ನಮ್ಮ ಟೀಮ್‌ನ ಚಾಟ್‌ನಲ್ಲಿ "ಬೆಳಿಗ್ಗೆ ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದಾರೆ" ಎಂದು ಒಂದು ತಮಾಷೆ ಹಾಕಿದೆ. ಮೂವರು ನಗುವ ಚಿತ್ರ ಕಳಿಸಿದರು.

ಇಪ್ಪತ್ತು ನಿಮಿಷದ ನಂತರ ಒಂದು ಇಮೇಲ್ ಬಂತು. ನಾಲ್ಕೇ ಸಾಲು, ಒಂದು ತಪ್ಪಿಲ್ಲದ ಇಂಗ್ಲಿಷ್. ತನಗೆ ಸೆರೆಬ್ರಲ್ ಪಾಲ್ಸಿ ಇದೆ, ಮಾತು ನಿಧಾನ, ಎರಡು ಸಲ ಫೋನ್ ಮಾಡಿದರೂ ಕೇಳಿಸಿಕೊಂಡಿಲ್ಲ, ವಿಪಿಎನ್ ಸಿಗುತ್ತಿಲ್ಲ, ಎಂಟು ಗಂಟೆಗೆ ಮೀಟಿಂಗ್ ಇದೆ. ನಾನು ಅವರ ಖಾತೆ ತೆರೆದು ನೋಡಿದೆ. ಲಾಕ್ ಆಗಿತ್ತು. ತೆಗೆಯಲು ಎರಡು ನಿಮಿಷ ಸಾಕಾಯಿತು.

ನಮ್ಮ ಟೀಮ್ ಲೀಡ್ ಒಬ್ಬ ಬಂಗಾಳಿ ದೀದಿ. ಅವರು ಬೈಯಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕರೆಯ ರೆಕಾರ್ಡಿಂಗ್ ಹಾಕಿದರು. ಎರಡನೇ ಸಲ ಕೇಳಿದಾಗ ನನಗೆ ಎಲ್ಲವೂ ಅರ್ಥವಾಯಿತು. ಅವರು ತಮ್ಮ ನೌಕರ ಸಂಖ್ಯೆ ಹೇಳುತ್ತಿದ್ದರು, ಒಂದೊಂದೇ ಅಂಕಿ. ಮೂರನೇ ಅಂಕಿಗೇ ನಾನು ಫೋನ್ ಇಟ್ಟಿದ್ದೆ. ಲೈನ್ ಚೆನ್ನಾಗಿಯೇ ಇತ್ತು.

ನನ್ನ ಕೊರಳಲ್ಲಿ ಮಾಲೆ ಇತ್ತು, ಸ್ವಾಮಿಗಳೇ. ಆ ಬೆಳಿಗ್ಗೆ ಬಸ್ ಕಂಡಕ್ಟರ್‌ಗೂ "ಸ್ವಾಮಿ" ಎಂದಿದ್ದೆ. ಎದುರಿಗೆ ಬರುವ ಪ್ರತಿಯೊಬ್ಬರಲ್ಲೂ ಅಯ್ಯಪ್ಪನನ್ನು ಕಾಣಬೇಕು ಎಂಬ ವ್ರತ ನಮ್ಮದು. ಫೋನ್‌ನಲ್ಲಿ ಬಂದವನನ್ನು ನಾನು ಕುಡುಕ ಎಂದೆ.

ದೀದಿ ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಜೀಜಾ ಘೋಷ್ ಗೊತ್ತಾ? ನಮ್ಮ ಊರಿನವರು." ಗೊತ್ತಿರಲಿಲ್ಲ. ಅಂದು ರಾತ್ರಿ ಕೂತು ಓದಿದೆ.

ಕೋಲ್ಕತ್ತದ ಒಂದು ವಿಮಾನದಲ್ಲಿ ನಡೆದದ್ದು

ಜೀಜಾ ಘೋಷ್ ಅವರಿಗೂ ಸೆರೆಬ್ರಲ್ ಪಾಲ್ಸಿ ಇದೆ. ಮಗು ಹುಟ್ಟುವ ಮುಂಚೆಯೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ಕಾಲದಲ್ಲೋ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾದರೆ ಈ ಸ್ಥಿತಿ ಬರುತ್ತದೆ. ಕೈಕಾಲು, ಕತ್ತು, ಬಾಯಿಯ ಸ್ನಾಯುಗಳು ಹೇಳಿದ ಮಾತು ಸರಿಯಾಗಿ ಕೇಳುವುದಿಲ್ಲ. ಕೆಲವರಿಗೆ ನಡಿಗೆ ಕಷ್ಟ, ಕೆಲವರಿಗೆ ಮಾತು ಕಷ್ಟ, ಕೆಲವರಿಗೆ ಎರಡೂ. ಮಾತು ತೊದಲಿತು ಎಂದ ಮಾತ್ರಕ್ಕೆ ಬುದ್ಧಿ ಕಡಿಮೆ ಎಂದು ಅರ್ಥವಲ್ಲ. ಇದು ಅಂಟುರೋಗವೂ ಅಲ್ಲ.

ಜೀಜಾ ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು. ಆಮೇಲೆ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲೂ ಓದಿದರು. ಇದೇ ನಗರದ ತಾರಾತಲಾದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೆರೆಬ್ರಲ್ ಪಾಲ್ಸಿಯಲ್ಲಿ ಕೆಲಸ ಮಾಡಿದರು. ಸುಧಾ ಕೌಲ್ ಎಂಬ ತಾಯಿ 1974ರಲ್ಲಿ ಶುರುಮಾಡಿದ ಕೆಲಸ ಬೆಳೆದು ಆ ಸಂಸ್ಥೆ ಆಗಿದೆ. ಬಾಯಿಂದ ಮಾತು ಬಾರದ ಮಕ್ಕಳು ಚಿತ್ರ, ಅಕ್ಷರ, ಪದ ಬರೆದ ಹಲಗೆಯ ಮೇಲೆ ಬೆರಳಿಟ್ಟೋ ಕಣ್ಣಿನಿಂದ ತೋರಿಸಿಯೋ ಮಾತಾಡುವುದನ್ನು ಅಲ್ಲಿ ಕಲಿಸುತ್ತಾರೆ. ಆ ಹಲಗೆಯ ಜೊತೆ ಮಾತಾಡಬೇಕಾದರೆ ಎದುರಿಗಿರುವವನಿಗೆ ತಾಳ್ಮೆ ಬೇಕು. ಒಂದು ವಾಕ್ಯಕ್ಕೆ ಒಂದು ನಿಮಿಷ ಹಿಡಿಯಬಹುದು. ಆ ನಿಮಿಷ ಕಾಯದಿದ್ದರೆ ಮಗು ಮೂಕ, ಕಾದರೆ ಮಾತುಗಾರ.

2012ರ ಫೆಬ್ರವರಿ 19. ಗೋವಾದಲ್ಲಿ ಅಂಗವೈಕಲ್ಯ ಇರುವವರ ಹಕ್ಕುಗಳ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮಾವೇಶ. ಜೀಜಾ ಆಹ್ವಾನಿತರು. ಕೋಲ್ಕತ್ತದಿಂದ ಸ್ಪೈಸ್‌ಜೆಟ್ ವಿಮಾನ ಹತ್ತಿ ತಮ್ಮ ಸೀಟಿನಲ್ಲಿ ಕೂತಿದ್ದರು. ಸಿಬ್ಬಂದಿ ಬಂದು ಬೋರ್ಡಿಂಗ್ ಪಾಸ್ ಕೇಳಿದರು, ಕೊಟ್ಟರು. ಆಮೇಲೆ ವಿಮಾನದಿಂದ ಇಳಿಯಿರಿ ಎಂದರು. ಅವರು ಕಣ್ಣೀರಿಟ್ಟು, ನಾನು ಸಮಾವೇಶಕ್ಕೆ ಹೋಗಲೇಬೇಕು ಎಂದರೂ ಬಿಡಲಿಲ್ಲ. ಇಳಿಸಿದರು. ಪೈಲಟ್ ಇವರನ್ನು ನೋಡಿ ಇಳಿಸಲೇಬೇಕೆಂದು ಪಟ್ಟು ಹಿಡಿದಿದ್ದರು ಎಂದು ಆಮೇಲೆ ತಿಳಿಯಿತು. ಸಮಾವೇಶ ತಪ್ಪಿತು.

ಅವರು ಸುಪ್ರೀಂ ಕೋರ್ಟಿಗೆ ಹೋದರು. 2016ರ ಮೇ 12ರಂದು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ನ್ಯಾಯಮೂರ್ತಿ ಆರ್.ಕೆ. ಅಗರ್ವಾಲ್ ಅವರ ಪೀಠ ತೀರ್ಪು ಕೊಟ್ಟಿತು. ವೈದ್ಯರ ಸಲಹೆಯನ್ನೂ ಪಡೆಯದೆ ಇಳಿಸಿದ್ದು ನಿಯಮಕ್ಕೆ ವಿರುದ್ಧ, ಅದು ತಾರತಮ್ಯ ಎಂದು ಹೇಳಿ, ಎರಡು ತಿಂಗಳಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಅಂಗವೈಕಲ್ಯ ಇರುವವರು ಯಾರ ಕರುಣೆಯಿಂದಲೂ ಬದುಕಬೇಕಾಗಿಲ್ಲ, ಘನತೆಯಿಂದ ಬಾಳುವುದು ಅವರ ಹಕ್ಕು ಎಂಬುದು ಆ ತೀರ್ಪಿನ ತಿರುಳು.

ಇದನ್ನು ಓದುವಾಗ ನನಗೆ ಚುಚ್ಚಿದ್ದು ಬೇರೆ. ಆ ಸೀಟಿನ ಹತ್ತಿರ ಬಂದವರು ಬೋರ್ಡಿಂಗ್ ಪಾಸ್ ಕೇಳಿದರು. "ನಿಮಗೆ ಹೇಗಿದೆ? ಪ್ರಯಾಣಕ್ಕೆ ಏನಾದರೂ ಸಹಾಯ ಬೇಕಾ?" ಎಂದು ಅವರನ್ನೇ ಕೇಳಿ, ಉತ್ತರ ಬರುವವರೆಗೆ ನಿಂತಿದ್ದರೆ ಈ ಕೇಸೇ ಇರುತ್ತಿರಲಿಲ್ಲ. ನಾನೂ ಅದನ್ನೇ ಮಾಡಿದ್ದೆ. ನನ್ನ ಕೈಯಲ್ಲಿ ವಿಮಾನ ಇರಲಿಲ್ಲ, ಹೆಡ್‌ಸೆಟ್ ಇತ್ತು, ಅಷ್ಟೇ ವ್ಯತ್ಯಾಸ.

ತೊಂದರೆ ಎಲ್ಲಿದೆ?

ನಮ್ಮ ಕೆಲಸದಲ್ಲಿ ಮೊದಲು ಕಲಿಸುವ ಪಾಠ ಒಂದಿದೆ. ಬಳಕೆದಾರನಿಗೆ ಲಾಗಿನ್ ಆಗುತ್ತಿಲ್ಲ ಎಂದರೆ ತಕ್ಷಣ ಅವನದೇ ತಪ್ಪು ಎನ್ನಬೇಡ, ವ್ಯವಸ್ಥೆಯನ್ನು ನೋಡು. ಅಂಗವೈಕಲ್ಯದ ವಿಷಯದಲ್ಲೂ ಹೀಗೆಯೇ ಯೋಚಿಸಿ ನೋಡಿ. ಗಾಲಿಕುರ್ಚಿಯಲ್ಲಿರುವ ಒಬ್ಬರು ಬ್ಯಾಂಕಿನೊಳಗೆ ಹೋಗಲಾಗುತ್ತಿಲ್ಲ. ಅವರ ಕಾಲು ಕಾರಣವೇ, ಬಾಗಿಲಲ್ಲಿರುವ ಐದು ಮೆಟ್ಟಿಲು ಕಾರಣವೇ? ಕಾಲನ್ನು ಬದಲಿಸಲು ನಮ್ಮಿಂದ ಆಗದು. ಇಳಿಜಾರು ಕಟ್ಟಲು ಆಗುತ್ತದೆ.

ನಮ್ಮ ಕಾನೂನು ಕೂಡ ಈಗ ಹೀಗೆಯೇ ನೋಡುತ್ತದೆ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳ ಪಟ್ಟಿ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಅದರಲ್ಲಿ 21 ಬಗೆಗಳಿವೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಕುಬ್ಜತೆ, ಆ್ಯಸಿಡ್ ದಾಳಿಗೆ ಒಳಗಾದವರು, ತಲಸ್ಸೇಮಿಯಾ ಎಲ್ಲ ಸೇರಿವೆ. ಒಬ್ಬರ ದೇಹ ಅಥವಾ ಮನಸ್ಸಿನ ಕೊರತೆ ಸಮಾಜದ ಅಡೆತಡೆಗಳ ಜೊತೆ ಸೇರಿ, ಉಳಿದವರ ಸಮಾನವಾಗಿ ಭಾಗವಹಿಸದಂತೆ ಮಾಡುತ್ತದೆ ಎಂದು ಆ ಕಾಯ್ದೆ ವಿವರಿಸುತ್ತದೆ. ಅಡೆತಡೆ ಎಂದರೆ ಮೆಟ್ಟಿಲು ಮಾತ್ರವಲ್ಲ, ನಮ್ಮ ಮನೋಭಾವವೂ ಹೌದು. ಅಂಗವೈಕಲ್ಯ ಇರುವವರನ್ನು ನಾಲ್ಕು ಜನರ ಎದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ ಎಂದು 92ನೇ ಸೆಕ್ಷನ್ ಹೇಳುತ್ತದೆ.

2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ ಜನ ಅಂಗವೈಕಲ್ಯ ಇರುವವರು ಎಂದು ಲೆಕ್ಕ ಸಿಕ್ಕಿತು. ಹೆಚ್ಚುಕಡಿಮೆ 45 ಜನರಲ್ಲಿ ಒಬ್ಬರು. ಯಾತ್ರೆಗೆ ಹೊರಡುವ ಒಂದು ಬಸ್ಸಿನಷ್ಟು ಜನರಲ್ಲಿ ಒಬ್ಬರು ಇರಬೇಕು. ನಿಮ್ಮ ಬಸ್ಸಿನಲ್ಲಿ ಇದ್ದಾರಾ? ಇಲ್ಲದಿದ್ದರೆ ಯಾಕೆ ಇಲ್ಲ ಎಂದು ಗುರುಸ್ವಾಮಿಗಳ ಹತ್ತಿರ ಮಾತಾಡಿ.

ನಮ್ಮ ಬಾಯಿಯ ಮಾತು

ನಮ್ಮ ಊರಿನಲ್ಲಿ ಒಬ್ಬರಿಗೆ ಹೆಸರೇ ಇಲ್ಲದ ಹಾಗೆ "ಕುಂಟ" ಎಂದೇ ಕರೆಯುತ್ತಿದ್ದರು. ಅವರ ಹೆಸರು ನನಗೆ ಗೊತ್ತಾಗಿದ್ದು ಅವರು ತೀರಿಕೊಂಡ ಮೇಲೆ, ತಿಥಿಯ ಕಾರ್ಡಿನಲ್ಲಿ. ಕ್ರಿಕೆಟ್‌ನಲ್ಲಿ ಕ್ಯಾಚ್ ಬಿಟ್ಟವನಿಗೆ "ಕುರುಡ", ಕರೆದಾಗ ತಿರುಗದವನಿಗೆ "ಕಿವುಡ", ಸಿಟ್ಟು ಬಂದರೆ "ಹುಚ್ಚ" ಎನ್ನುವುದು ನಮಗೆಲ್ಲ ಅಭ್ಯಾಸ. ವ್ರತದಲ್ಲಿ ಸುಳ್ಳು ಬಿಡುತ್ತೇವೆ, ಕೋಪ ಬಿಡುತ್ತೇವೆ. ಈ ಪದಗಳನ್ನೂ ಬಿಡಬಹುದಲ್ಲ. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಸಿನಿಮಾಗಳ ಬಗ್ಗೆ ಕೊಟ್ಟ ಒಂದು ತೀರ್ಪಿನಲ್ಲೂ ಇಂಥ ಹೀಯಾಳಿಕೆಯ ಪದಗಳನ್ನು ಬಳಸಬಾರದು, ಅವು ಆ ಜನರ ಬಗ್ಗೆ ಕೀಳು ಭಾವನೆಯನ್ನು ಗಟ್ಟಿ ಮಾಡುತ್ತವೆ ಎಂದಿದೆ.

ಹಾಗಾದರೆ ಏನೆಂದು ಕರೆಯಬೇಕು? ಕರ್ನಾಟಕ ಸರ್ಕಾರದ ಇಲಾಖೆಯ ಹೆಸರಿನಲ್ಲಿ "ವಿಕಲಚೇತನ" ಇದೆ. ಕೆಲವರು "ವಿಶೇಷಚೇತನ" ಎನ್ನುತ್ತಾರೆ, ಕೆಲವರು "ದಿವ್ಯಾಂಗ" ಎನ್ನುತ್ತಾರೆ. ದೊಡ್ಡ ಪದ ಹೊಗಳಿದ ಹಾಗೆ ಇರುತ್ತದೆ, ಇಳಿಜಾರು ಮಾತ್ರ ಇರುವುದಿಲ್ಲ ಎಂದು ಬೇಸರಪಡುವವರೂ ಇದ್ದಾರೆ. ನಮಗೆ ಸುಲಭ ದಾರಿ ಇದೆ. ಹೆಸರು ಕೇಳಿ, ಹೆಸರಿನಿಂದ ಕರೆಯಿರಿ. ಮಾಲೆ ಹಾಕಿದ್ದರೆ "ಸ್ವಾಮಿ" ಎನ್ನಿ. ಎಲ್ಲರಿಗೂ ಅದೇ ತಾನೆ.

ಇನ್ನೊಂದು ತುದಿಯ ತಪ್ಪೂ ಇದೆ. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಸಿಕೊಳ್ಳಿ. ಪಂಡಿತ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಶಿಷ್ಯ, 1914ರಲ್ಲಿ ಹಾನಗಲ್ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾಗುವವರೆಗೆ ಎಷ್ಟೋ ಅಂಧ ಮಕ್ಕಳು ಅಲ್ಲಿ ಸಂಗೀತ ಕಲಿತು ತಮ್ಮ ಕಾಲ ಮೇಲೆ ನಿಂತರು. ನಾವು ಅವರನ್ನು ನಡೆದಾಡುವ ದೇವರು ಎಂದು ಕೈಮುಗಿಯುತ್ತೇವೆ, ಮುಗಿಯಬೇಕಾದ್ದೇ. ಆದರೆ ಅದೇ ನಾವು ರೈಲಿನಲ್ಲಿ ಒಬ್ಬ ಅಂಧ ಯುವಕ ಪಕ್ಕದಲ್ಲಿ ಕೂತರೆ "ಇವರು ಎಲ್ಲಿ ಇಳಿಯಬೇಕಂತೆ?" ಎಂದು ಅವನ ಪಕ್ಕದವರನ್ನು ಕೇಳುತ್ತೇವೆ. ಒಬ್ಬರನ್ನು ದೇವರು ಮಾಡುತ್ತೇವೆ, ಇನ್ನೊಬ್ಬರನ್ನು ಪಾಪ ಎನ್ನುತ್ತೇವೆ. ಸುಮ್ಮನೆ ಜೊತೆಯ ಮನುಷ್ಯ ಎಂದು ಮಾತಾಡಿಸುವುದು ಮರೆತುಹೋಗುತ್ತದೆ. ಪಂಚಾಕ್ಷರಿ ಗವಾಯಿಗಳು ಹಾಗೆ ಮಾಡಲಿಲ್ಲ. ಆ ಮಕ್ಕಳು ಕಲಿಯಬಲ್ಲರು ಎಂದು ನಂಬಿ, ಕೈಗೆ ವಾದ್ಯ ಕೊಟ್ಟು, ತಪ್ಪಿದಾಗ ತಿದ್ದಿ, ಪಾಠ ಮಾಡಿದರು.

ಮಣಿಕಂಠನ ಗುರುದಕ್ಷಿಣೆ

ಮಣಿಕಂಠನ ಕಥೆಯಲ್ಲಿ ಒಂದು ಪ್ರಸಂಗ ನಮಗೆಲ್ಲ ಗೊತ್ತು. ಗುರುಕುಲದ ವಿದ್ಯಾಭ್ಯಾಸ ಮುಗಿದ ಮೇಲೆ ಗುರುಗಳು ದಕ್ಷಿಣೆಯಾಗಿ, ಕಣ್ಣು ಕಾಣದ, ಮಾತು ಬಾರದ ತಮ್ಮ ಮಗನನ್ನು ಗುಣಪಡಿಸು ಎಂದು ಕೇಳುತ್ತಾರೆ. ಮಣಿಕಂಠ ಅವನಿಗೆ ದೃಷ್ಟಿಯನ್ನೂ ಮಾತನ್ನೂ ಕೊಡುತ್ತಾನೆ. ಭಜನೆ ಮನೆಗಳಲ್ಲಿ ಈ ಕಥೆ ಹೇಳುವಾಗ ಭಕ್ತಿಯಿಂದ ಕಣ್ಣು ತುಂಬುತ್ತದೆ.

ಆದರೆ ಅದೇ ಭಕ್ತಿಯಲ್ಲಿ ನಾವು ಒಂದು ತಪ್ಪು ಮಾಡುತ್ತೇವೆ. ನಮ್ಮ ತಂಡದಲ್ಲಿ ಹೋದ ವರ್ಷ ಒಬ್ಬ ಕನ್ನಿಸ್ವಾಮಿ ಇದ್ದರು. ದಾವಣಗೆರೆಯವರು, ಕೋಲ್ಕತ್ತದಲ್ಲಿ ನೌಕರಿ, ನಲವತ್ತೈದರ ಆಸುಪಾಸು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಒಂದು ಕಾಲು ಸಣ್ಣ, ಒಂದು ಊರುಗೋಲು. ನಮ್ಮ ವಯಸ್ಸಿನವರು ಪೋಲಿಯೊ ಆದವರನ್ನು ಹೆಚ್ಚು ನೋಡಿಲ್ಲ. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಸಿಕ್ಕಿದ್ದು ಕೋಲ್ಕತ್ತದ ಪಕ್ಕದ ಹೌರಾ ಜಿಲ್ಲೆಯಲ್ಲೇ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ಅದಕ್ಕಿಂತ ಮುಂಚಿನವರು ನಮ್ಮ ನಡುವೆ ಇದ್ದಾರೆ.

ಮಾಲೆ ಹಾಕಿದ ದಿನ ನಾಲ್ಕು ಜನ ಅವರಿಗೆ ಹೇಳಿದ್ದು ಒಂದೇ ಮಾತು: "ಹದಿನೆಂಟು ಮೆಟ್ಟಿಲು ಹತ್ತಿ ಸ್ವಾಮಿ, ಕಾಲು ಸರಿಯಾಗುತ್ತೆ." ಅವರು ನಕ್ಕು ಸುಮ್ಮನಾದರು. ಆಮೇಲೆ ನನ್ನ ಹತ್ತಿರ ಹೇಳಿದರು: "ನೀವೆಲ್ಲ ಏನು ಬೇಡಿಕೊಂಡು ಮಾಲೆ ಹಾಕಿದ್ದೀರಿ ಅಂತ ನಾನು ಕೇಳಲಿಲ್ಲ. ನಾನು ಏನು ಬೇಡ್ತೀನಿ ಅಂತ ಎಲ್ಲರಿಗೂ ಗೊತ್ತು ಅಂದ್ಕೊಂಡಿದ್ದಾರೆ. ನಾನು ಮಗಳ ಓದಿಗೆ ಅಂತ ಹರಕೆ ಹೊತ್ತಿದ್ದೀನಿ, ಕಾಲಿನ ಸುದ್ದಿಯೇ ಇಲ್ಲ."

ನಾನು ಆ ಗುರುದಕ್ಷಿಣೆಯ ಕಥೆಯನ್ನು ಅಂದಿನಿಂದ ಬೇರೆ ರೀತಿ ಕೇಳುತ್ತೇನೆ. ಪವಾಡ ಮಾಡುವುದು ಸ್ವಾಮಿಯ ಇಚ್ಛೆ, ಅದು ನಮ್ಮ ಕೈಯಲ್ಲಿಲ್ಲ. ಒಬ್ಬರ ದೇಹ ನೋಡಿ ಅವರ ಪ್ರಾರ್ಥನೆಯನ್ನು ನಾವೇ ಬರೆದುಕೊಡುವುದು ಬೇಡ. ಗುಣವಾಗದಿದ್ದರೆ ಭಕ್ತಿ ಸಾಲದು, ಪೂರ್ವಜನ್ಮದ ಪಾಪ ಎನ್ನುವ ಮಾತಂತೂ ಬೇಡವೇ ಬೇಡ. ಸನ್ನಿಧಾನದ ಮುಂದೆ ದೊಡ್ಡದಾಗಿ ಬರೆದಿರುವುದು "ತತ್ತ್ವಮಸಿ", ಅದು ನೀನೇ ಆಗಿದ್ದೀಯೆ. ಅಲ್ಲಿ "ಕಾಲು ಸರಿಯಾದ ಮೇಲೆ" ಎಂಬ ಷರತ್ತು ಇಲ್ಲ.

ಡೋಲಿಯ ವಿಷಯ

ಯಾತ್ರೆಗೆ ಒಂದು ವಾರ ಮುಂಚೆ ನಾವು ಹುಡುಗರು ಸೇರಿ ಒಂದು ಒಳ್ಳೆಯ ಕೆಲಸ ಮಾಡಿದೆವು ಎಂದುಕೊಂಡೆವು. ಎಲ್ಲರೂ ದುಡ್ಡು ಹಾಕಿ, ಆ ಸ್ವಾಮಿಗೆ ಪಂಪೆಯಿಂದ ಡೋಲಿ ಮಾಡಿಸುವುದು ಎಂದು ತೀರ್ಮಾನಿಸಿ, ಭಜನೆ ಮುಗಿದ ಮೇಲೆ ಎಲ್ಲರ ಎದುರು ಘೋಷಿಸಿದೆವು. ಚಪ್ಪಾಳೆ ಬಿತ್ತು. ಅವರ ಮುಖ ಇಳಿಯಿತು.

ನಮ್ಮ ಗುರುಸ್ವಾಮಿ ಪಾಲಕ್ಕಾಡಿನವರು, ನಲವತ್ತು ವರ್ಷದಿಂದ ಕೋಲ್ಕತ್ತದಲ್ಲಿದ್ದಾರೆ. ಅವರು ನಮ್ಮ ಕಡೆ ನೋಡಿ, "ಯಾರಾದರೂ ಅವರನ್ನು ಕೇಳಿದಿರಾ?" ಎಂದರು. ಯಾರೂ ಕೇಳಿರಲಿಲ್ಲ. ಕರೆಯ ರೆಕಾರ್ಡಿಂಗ್ ಕೇಳಿ ಇಪ್ಪತ್ತು ದಿನವೂ ಆಗಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಗ ಅವರು ಹೇಳಿದರು. ಮೂರು ತಿಂಗಳಿಂದ ಆಫೀಸಿನ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದ್ದಾರೆ. ನೀಲಿಮಲೆಯ ಏರು ಕಡಿದು, ಅದು ತಮಗೆ ಆಗದು ಎಂದು ಅವರಿಗೇ ಗೊತ್ತು. ಟ್ರ್ಯಾಕ್ಟರ್ ಹೋಗುವ ಸ್ವಾಮಿ ಅಯ್ಯಪ್ಪನ್ ರಸ್ತೆಯಲ್ಲಿ ಏರು ಕಡಿಮೆ, ಅದರಲ್ಲಿ ನಡೆಯುವುದು ಅವರ ಯೋಚನೆ. ಎಲ್ಲಿ ಕೂರಬೇಕು ಎಂದೂ ಲೆಕ್ಕ ಹಾಕಿದ್ದರು. "ಆಗದಿದ್ದರೆ ನಾನೇ ಬಾಯಿಬಿಟ್ಟು ಹೇಳ್ತೀನಿ, ಡೋಲಿಗೆ ನಾಚಿಕೆ ಇಲ್ಲ. ಆದರೆ ಅದನ್ನು ನಾನು ಹೇಳಬೇಕು."

ಹಾಗೆಯೇ ಆಯಿತು. ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು ಐದು ಕಿಲೋಮೀಟರ್. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ತಲೆಯ ಮೇಲಿನ ಇರುಮುಡಿಗೆ. ನಾವಿಬ್ಬರು ಅವರ ಜೊತೆ ನಡೆದೆವು, ಉಳಿದವರು ಮುಂದೆ ಹೋದರು. ಹನ್ನೊಂದು ಸಲ ಕೂತೆವು. ದಾರಿಯಲ್ಲಿ ಕನಿಷ್ಠ ಆರು ಜನ ಕೇಳದೆಯೇ ಅವರ ತೋಳು ಹಿಡಿದು ಎತ್ತಲು ಬಂದರು. ಒಬ್ಬರು ಎಳೆದ ರಭಸಕ್ಕೆ ಊರುಗೋಲು ಜಾರಿ ಬೀಳುವುದರಲ್ಲಿದ್ದರು. ಎಲ್ಲರದೂ ಒಳ್ಳೆಯ ಮನಸ್ಸೇ, ಸ್ವಾಮಿಗಳೇ. ಒಳ್ಳೆಯ ಮನಸ್ಸಿನಿಂದಲೂ ಜನ ಬೀಳುತ್ತಾರೆ ಎಂದು ಅಂದು ಕಂಡೆ. ಹದಿನೆಂಟು ಮೆಟ್ಟಿಲ ಹತ್ತಿರ ಅವರೇ ಅಲ್ಲಿದ್ದ ಪೊಲೀಸ್ ಸ್ವಾಮಿಗೆ ಸನ್ನೆ ಮಾಡಿ ಹೇಳಿದರು, ಎಡತೋಳು ಹಿಡಿಯಿರಿ, ಎಳೆಯಬೇಡಿ. ಊರುಗೋಲು ನನ್ನ ಕೈಗೆ ಕೊಟ್ಟರು. ಹತ್ತಿದರು.

ಇಳಿಯುವಾಗ ಅವರೇ ಡೋಲಿ ಕೇಳಿದರು. ಕಾಲು ಸೋತಿತ್ತು. ನಮ್ಮ ಆ ದುಡ್ಡು ಆಗ ಉಪಯೋಗಕ್ಕೆ ಬಂತು.

ಯಾತ್ರೆಯಲ್ಲಿ ನೆನಪಿಡಬೇಕಾದದ್ದು

ಆ ಸ್ವಾಮಿಯಿಂದಲೂ, ಓದಿನಿಂದಲೂ ಕಲಿತದ್ದನ್ನು ಇಲ್ಲಿ ಪಟ್ಟಿ ಮಾಡಿದ್ದೇನೆ. ಬರೆದಿಟ್ಟುಕೊಳ್ಳಿ.

1. ಸಹಾಯ ಮಾಡುವ ಮೊದಲು "ಸ್ವಾಮಿ, ಸಹಾಯ ಬೇಕಾ? ಹೇಗೆ ಮಾಡಲಿ?" ಎಂದು ಕೇಳಿ. ಬೇಡ ಎಂದರೆ ಬೇಸರ ಮಾಡಿಕೊಳ್ಳದೆ ಬಿಡಿ.

2. ಮಾತಾಡುವುದು ಅವರ ಜೊತೆ, ಪಕ್ಕದಲ್ಲಿರುವ ಅಣ್ಣನ ಜೊತೆ ಅಲ್ಲ. ಗಾಲಿಕುರ್ಚಿಯಲ್ಲಿದ್ದರೆ ನೀವೂ ಕೂತು ಮಾತಾಡಿ. ಕುರ್ಚಿಯನ್ನಾಗಲಿ ಊರುಗೋಲನ್ನಾಗಲಿ ಕೇಳದೆ ಮುಟ್ಟಬೇಡಿ, ಪಕ್ಕಕ್ಕೆ ಸರಿಸಿ ಇಡಬೇಡಿ.

3. ಮಾತು ನಿಧಾನವಾಗಿದ್ದರೆ ಕಾಯಿರಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ಅರ್ಥವಾಗದಿದ್ದರೆ ಆಯಿತು ಎಂದು ತಲೆಯಾಡಿಸುವ ಬದಲು "ಇನ್ನೊಮ್ಮೆ ಹೇಳಿ ಸ್ವಾಮಿ" ಎನ್ನಿ. ಅದು ಅವಮಾನವಲ್ಲ, ಕೇಳಿಸಿಕೊಳ್ಳುತ್ತಿದ್ದೀರಿ ಎಂಬ ಗುರುತು.

4. ಕಣ್ಣು ಕಾಣದವರ ಹತ್ತಿರ ಹೋದಾಗ ಮೊದಲು ನಿಮ್ಮ ಹೆಸರು ಹೇಳಿ. ಕೈಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಕೊಡಿ, ಅವರು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳಿ. ಹೊರಡುವಾಗ ಹೇಳಿ ಹೋಗಿ.

5. ಕಿವಿ ಕೇಳದವರ ಎದುರು ಕಿರುಚಬೇಡಿ. ಮುಖ ತೋರಿಸಿ ಮಾತಾಡಿ, ಫೋನಿನಲ್ಲಿ ಬರೆದು ತೋರಿಸಿ. ಗುಂಪು ಹೊರಡುವ ಸಮಯ ಬಾಯಲ್ಲಿ ಕೂಗಿ ಸುಮ್ಮನಾಗದೆ ಮೆಸೇಜ್ ಕೂಡ ಹಾಕಿ.

6. ಆಟಿಸಂ ಇರುವ ಮಕ್ಕಳಿಗೆ ನೂಕುನುಗ್ಗಲು, ದೊಡ್ಡ ಸದ್ದು ತಡೆಯಲಾಗದೆ ಹೋಗಬಹುದು. ಶಬರಿಮಲೆಯ ವೆಡಿವಳಿಪಾಡಿನ ಸದ್ದು ನಮಗೇ ಎದೆ ಝಲ್ಲೆನಿಸುತ್ತದೆ. ಮೊದಲೇ ಹೇಳಿ ಸಿದ್ಧ ಮಾಡಿ. ಮಗು ಕೂಗಿದರೆ ತಂದೆತಾಯಿಯನ್ನು ದುರುಗುಟ್ಟಿ ನೋಡಬೇಡಿ.

7. ಕ್ಯಾಲಿಪರ್, ಕೃತಕ ಕಾಲು ಹಾಕುವವರಿಗೆ ಬೂಟು ಇಲ್ಲದೆ ನಡೆಯಲು ಆಗದೇ ಇರಬಹುದು. ಬರಿಗಾಲಿನ ನಿಯಮ ಮುರಿದರು ಎಂದು ಗೊಣಗಬೇಡಿ. "ಅದು ಚಪ್ಪಲಿ ಅಲ್ಲ, ಅವರ ಕಾಲು" ಎಂದು ನಮ್ಮ ಗುರುಸ್ವಾಮಿ ಒಂದೇ ಮಾತಿನಲ್ಲಿ ಮುಗಿಸಿದರು.

8. ಭಜನೆ ಮತ್ತು ಅನ್ನದಾನ ಸಾಧ್ಯವಾದರೆ ನೆಲಮಹಡಿಯಲ್ಲಿ ಇಡಿ. ಪಂಕ್ತಿಯಲ್ಲಿ ಕೆಳಗೆ ಕೂರಲಾಗದವರಿಗೆ ಪಕ್ಕದಲ್ಲೇ ಕುರ್ಚಿ ಹಾಕಿ, ಬೇರೆ ಕೋಣೆಯಲ್ಲಿ ಅಲ್ಲ.

9. ಕೇಳದೆ ವಿಡಿಯೊ ತೆಗೆದು "ಇವರನ್ನು ನೋಡಿ ಕಲಿಯಿರಿ" ಎಂದು ಸ್ಟೇಟಸ್ ಹಾಕಬೇಡಿ. ಅವರೂ ನಿಮ್ಮ ಹಾಗೆ ದರ್ಶನಕ್ಕೆ ಬಂದವರು.

ಕೊನೆಗೆ ಆ ಟಿಕೆಟ್

ಫೋನ್ ಮಾಡಿದವರ ಕಥೆ ಬಾಕಿ ಇದೆ. ನಾನು ಮರುದಿನ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಚಾಟ್‌ನಲ್ಲಿ ಬರೆದದ್ದನ್ನೂ ಹೇಳಿದೆ, ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ಮೊದಲ ಸಲ ಅಲ್ಲ" ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಅದನ್ನು ಕೇಳುವ ಹಕ್ಕು ನನಗೂ ಇರಲಿಲ್ಲ. ಆಮೇಲೆ ನಮ್ಮ ಚಾಟ್‌ನಲ್ಲೂ ನನ್ನ ತಪ್ಪು ಬರೆದೆ. ಈ ಸಲ ಯಾರೂ ಚಿತ್ರ ಕಳಿಸಲಿಲ್ಲ.

ಇನ್ನು ಮುಂದೆ ಅವರಿಗೆ ತೊಂದರೆ ಆಗದಿರಲೆಂದು ಅವರ ಖಾತೆಯಲ್ಲಿ "ಫೋನ್ ಬೇಡ, ಚಾಟ್ ಮೂಲಕ ಸಂಪರ್ಕಿಸಿ" ಎಂದು ಟಿಪ್ಪಣಿ ಹಾಕೋಣ ಎಂದುಕೊಂಡೆ. ಟೈಪ್ ಮಾಡಿ, ಸೇವ್ ಒತ್ತುವ ಮೊದಲು ಡೋಲಿಯ ಘೋಷಣೆ ನೆನಪಾಯಿತು. ಅವರನ್ನೇ ಕೇಳಿದೆ. ಅವರು ಹೇಳಿದರು: "ನನಗೆ ಟೈಪ್ ಮಾಡುವುದು ಮಾತಿಗಿಂತ ಕಷ್ಟ. ಆ ದಿನದ ನಾಲ್ಕು ಸಾಲಿಗೆ ಹದಿನೈದು ನಿಮಿಷ ಹಿಡಿಯಿತು. 'ನಿಧಾನವಾಗಿ ಮಾತಾಡುತ್ತಾರೆ, ದಯವಿಟ್ಟು ಕಾಯಿರಿ' ಎಂದು ಬರೆಯಿರಿ."

ಹಾಗೆಯೇ ಬರೆದೆ. ಈಗ ಅವರ ಕರೆ ಬಂದರೆ ಎರಡು ನಿಮಿಷದ ಕೆಲಸ ಐದು ನಿಮಿಷ ಹಿಡಿಯುತ್ತದೆ. ತಿಂಗಳ ಕೊನೆಯ ಲೆಕ್ಕದಲ್ಲಿ ನನ್ನ ಸರಾಸರಿ ಸ್ವಲ್ಪ ಏರುತ್ತದೆ. ಏರಲಿ.

ಈ ವಾರದ ಅಭ್ಯಾಸ

ಒಂದು: ನಿಮ್ಮ ಬೀದಿಯಲ್ಲಿ, ಆಫೀಸಿನಲ್ಲಿ, ಕಾಲೇಜಿನಲ್ಲಿ ಅಡ್ಡಹೆಸರಿನಿಂದ ಮಾತ್ರ ಗೊತ್ತಿರುವ ಒಬ್ಬರ ನಿಜವಾದ ಹೆಸರು ತಿಳಿದುಕೊಂಡು, ಆ ಹೆಸರಿನಿಂದ ಮಾತಾಡಿಸಿ.

ಎರಡು: ನಿಮ್ಮ ಭಜನೆ ನಡೆಯುವ ಜಾಗಕ್ಕೆ ಗಾಲಿಕುರ್ಚಿಯಲ್ಲಿ ಒಬ್ಬರು ಬರಬೇಕೆಂದರೆ ಎಲ್ಲಿ ತಡೆ ಇದೆ ಎಂದು ನಡೆದು ನೋಡಿ. ಕಂಡದ್ದನ್ನು ಗುರುಸ್ವಾಮಿಗಳಿಗೆ ತಿಳಿಸಿ.

ಮೂರು: 41 ದಿನವೂ "ಕುಂಟ, ಕುರುಡ, ಕಿವುಡ, ಹುಚ್ಚ" ಎಂಬ ಬೈಗುಳ ಬಾಯಿಗೆ ಬಾರದ ಹಾಗೆ ನೋಡಿಕೊಳ್ಳಿ. ಮಾಲೆ ತೆಗೆದ ಮೇಲೆ ಮತ್ತೆ ಶುರು ಮಾಡಬೇಡಿ.

ಆ ದಾವಣಗೆರೆ ಸ್ವಾಮಿ ಈ ವರ್ಷ ಮತ್ತೆ ಮಾಲೆ ಹಾಕಿದ್ದಾರೆ. ಮಗಳು ಕಾಲೇಜಿಗೆ ಸೇರಿದ್ದಾಳಂತೆ, ಹರಕೆ ತೀರಿಸಬೇಕಂತೆ. ಈ ಸಲ ಯಾವ ದಾರಿ ಎಂದು ಕೇಳಿದ್ದೇನೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಕಾಯುತ್ತಿದ್ದೇನೆ.

ತಪ್ಪಿದ್ದರೆ ಹಿರಿಯ ಸ್ವಾಮಿಗಳು ತಿದ್ದಬೇಕು.

ಸ್ವಾಮಿಯೇ ಶರಣಮಯ್ಯಪ್ಪ!